ತೊಳೆಯಲು ಕೊಡದ ಮಣಿಗಳು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮವೆಂದರೆ ತಗಡಿನ ಶೆಡ್ಡು, ಮೂರು ಚಾಪೆ, ಎರಡು ಗಾಜಿನ ಕೊಳವೆ. ಗುರುಗಳು ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು. ಮೋಕ್ಷದ ಬಗ್ಗೆ ಕೇಳಿದರೆ ತಮಗೆ ಗೊತ್ತಿಲ್ಲ ಎನ್ನುತ್ತಿದ್ದರು. ಹಾಗಾಗಿ ಶಿಷ್ಯರು ಇಬ್ಬರೇ.

ಹೊಳೆಯ ಮೇಲ್ಭಾಗದಲ್ಲಿ ಒಂದು ಮಾತ್ರೆ ಕಾರ್ಖಾನೆ. ಅದು ಹೊರಬಿಟ್ಟ ನೀರಿನಲ್ಲಿ ನೋವಿನ ಮಾತ್ರೆಯ ಮದ್ದು ಕರಗಿರುತ್ತಿತ್ತು. ಕೆಳಗಿನ ಬೆಸ್ತರ ಕೇರಿ ಆ ಹೊಳೆಯನ್ನೇ ಕುಡಿಯುತ್ತಿತ್ತು.

ಶಿಷ್ಯರಿಗೊಂದರಂತೆ ಇದ್ದ ಆ ಕೊಳವೆಗಳಲ್ಲಿ ಸಾಸಿವೆಯಷ್ಟು ಸಣ್ಣ ಪಾಲಿಮರ್ ಮಣಿಗಳಿದ್ದವು. ನೀರು ಹಾದುಹೋದಂತೆ ಮದ್ದು ಮಣಿಗೆ ಅಂಟಿಕೊಳ್ಳುತ್ತದೆ. ಮಣಿ ತುಂಬಿದ ಮೇಲೆ ಸ್ಪಿರಿಟ್‌ನಲ್ಲಿ ತೊಳೆದರೆ ಅಂಟಿದ್ದನ್ನು ಬಿಡುತ್ತದೆ, ಮತ್ತೆ ಕೆಲಸಕ್ಕೆ ಬರುತ್ತದೆ.

ಗುರುಗಳದು ಒಂದೇ ನಿಯಮ. ಎಂಟು ದಿನಕ್ಕೊಮ್ಮೆ ಮಣಿ ತೊಳೆಯಬೇಕು. ತನ್ನದನ್ನು ತಾನೇ ತೊಳೆಯುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡಬೇಕು.

"ಯಾಕೆ?" ಎಂದು ಹಿರಿಯ ಶಿಷ್ಯ ಚನ್ನವೀರ ಒಮ್ಮೆ ಕೇಳಿದ್ದ.

"ನಿನ್ನ ಬೆನ್ನು ನೀನೇ ಉಜ್ಕೋತೀಯಾ?"

"ಉಜ್ಕೋತೀನಿ."

"ನೋಡಿದ್ರೆ ಗೊತ್ತಾಗುತ್ತೆ."

ಹತ್ತು ವರ್ಷ ಚನ್ನವೀರನ ಮಣಿಗಳನ್ನು ಗುರುಗಳೇ ತೊಳೆದರು. ಆಮೇಲೆ ಕಿರಿಯ ಶಿಷ್ಯೆ ಅಂಬುಜಾ ಬಂದಳು. ಆ ಕೆಲಸ ಅವಳ ಪಾಲಿಗೆ ಹೋಯಿತು.

ಹತ್ತು ವರ್ಷದಲ್ಲಿ ಗುರುಗಳು ಚನ್ನವೀರನಿಗೆ "ಸರಿಯಾಗಿದೆ" ಎಂದದ್ದು ನಾಲ್ಕು ಸಲ. ಅಂಬುಜಾಳಿಗೆ ಎಂಟು ತಿಂಗಳಲ್ಲಿ ಐದು ಸಲ. ಅವನು ಲೆಕ್ಕ ತಪ್ಪುವವನಲ್ಲ.

ಒಂದು ದಿನ ಗುರುಗಳು ಹೇಳಿದರು: "ಕೇರಿಯ ಕುಡಿಯೋ ನೀರಿನ ತೊಟ್ಟಿಗೆ ಒಂದು ಕೊಳವೆ ಜೋಡಿಸ್ತೀನಿ. ಯಾರ ಕೊಳವೆಯೋ ತೊಟ್ಟಿಯ ಉಸ್ತುವಾರಿ ಅವರದು. ಒಂದು ತಿಂಗಳು ಇಬ್ಬರೂ ನಡೆಸಿ. ಕೊನೆಗೆ ಅಳೆಯೋಣ."

ಚನ್ನವೀರ ಇದಕ್ಕೇ ಕಾದಿದ್ದ. ಅವನ ಮಣಿಗಳು ಅಂಬುಜಾಳ ಮಣಿಗಳಿಗಿಂತ ಹೆಚ್ಚು ಮದ್ದು ಹಿಡಿಯುತ್ತಿದ್ದವು. ಅದು ನಿಜ, ಗುರುಗಳೇ ಹೇಳಿದ್ದರು.

ಎಂಟನೆಯ ದಿನ ಅಂಬುಜಾ ಬೋಗುಣಿ ಹಿಡಿದು ಬಂದಳು.

"ಅಣ್ಣಾ, ಮಣಿ ಕೊಡಿ. ತೊಳೀತೀನಿ."

"ನನ್ನವು ಇನ್ನೂ ತುಂಬಿಲ್ಲ. ನಿನ್ನವು ಬೇಗ ತುಂಬ್ತಾವೆ, ಪಾಪ. ತಾ, ನಾನೇ ತೊಳೆದು ಕೊಡ್ತೀನಿ."

ಹದಿನಾರನೆಯ ದಿನವೂ ಅವಳು ಬಂದಳು. ಇಪ್ಪತ್ನಾಲ್ಕನೆಯ ದಿನವೂ ಬಂದಳು. ಅವನು ಕೊಡಲಿಲ್ಲ. ಅವಳ ಕೈಗೆ ಬಿದ್ದರೆ ಏನಾದರೂ ಮಾಡಿಯಾಳು ಎಂಬ ಗುಮಾನಿ. ಅವಳ ಮಣಿಗಳನ್ನು ಮಾತ್ರ ಚೆನ್ನಾಗಿಯೇ ತೊಳೆದುಕೊಟ್ಟ. ಸೋತಾಗ ಅವಳು ನೆಪ ಹೇಳಬಾರದಲ್ಲ.

ಕೊನೆಯ ವಾರ ಕಾರ್ಖಾನೆ ರಿಪೇರಿಗೆಂದು ಮುಚ್ಚಿತು. ಹೊಳೆ ತಾನಾಗಿಯೇ ತಿಳಿಯಾಯಿತು.

ಗುರುಗಳು ತಮ್ಮ ಹಳೆಯ ಯಂತ್ರದಲ್ಲಿ ನೀರು ಅಳೆದರು. ಹೊಳೆಯ ನೀರಿನಲ್ಲಿ ಮದ್ದಿನ ಅಂಕೆ ಮೂರು. ಅಂಬುಜಾಳ ಕೊಳವೆಯಿಂದ ಬಂದ ನೀರಿನಲ್ಲಿ ಸೊನ್ನೆ. ಚನ್ನವೀರನ ಕೊಳವೆಯಿಂದ ಬಂದ ನೀರಿನಲ್ಲಿ ಹತ್ತೊಂಬತ್ತು.

"ಇವಳೇ ಏನೋ ಹಾಕಿದ್ದಾಳೆ," ಎಂದ ಚನ್ನವೀರ.

"ನಿಮ್ಮ ಕೊಳವೆ ಹತ್ರ ನನ್ನ ಬಿಟ್ಕೊಂಡಿದ್ರೆ ತಾನೇ, ಅಣ್ಣಾ?"

ಗುರುಗಳು ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಹೊಸ ಕ್ಯಾನು ಒಡೆದು ಅವನ ಕೊಳವೆಗೆ ಸುರಿದರು. ಕೆಳಗೆ ಬಂದದ್ದನ್ನು ಅಳೆದರು. ಹದಿನೆಂಟು.

"ಈ ನೀರಲ್ಲಿ ಮದ್ದು ಇತ್ತಾ?"

"ಇಲ್ಲ."

"ಮತ್ತೆ ಎಲ್ಲಿಂದ ಬಂತು?"

ಚನ್ನವೀರ ಬಗ್ಗಿ ಕೊಳವೆಯನ್ನು ನೋಡಿದ. "ಮಣಿಯಿಂದ."

"ಯಾವತ್ತಿನದು?"

"ಮೊದಲ ಮೂರು ವಾರದ್ದು."

"ಹೊಳೆ ಆ ಮದ್ದನ್ನ ಆಗಲೇ ಕೆಳಕ್ಕೆ ಸಾಗಿಸಿಬಿಟ್ಟಿದೆ," ಎಂದರು ಗುರುಗಳು.

ಆ ಮಧ್ಯಾಹ್ನವೇ ಅಂಬುಜಾಳ ಕೊಳವೆಯನ್ನು ತೊಟ್ಟಿಗೆ ಜೋಡಿಸಿದರು. ಪಾನಾ ಹಿಡಿದು ನಟ್ಟು ಬಿಗಿ ಮಾಡಿದವನು ಚನ್ನವೀರನೇ. ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ.

"ನನ್ನ ಮಣಿಯೇ ಹೆಚ್ಚು ಹಿಡಿಯೋದು ಅಂತ ನೀವೇ ಹೇಳಿದ್ರಿ, ಗುರುಗಳೇ."

"ಹೇಳಿದ್ದೆ. ಈಗಲೂ ಹೇಳ್ತೀನಿ."

"ಮತ್ತೆ ನನ್ನವನ್ನ ಏನು ಮಾಡ್ಲಿ? ನೀವು ತೊಳೆದುಕೊಡ್ತೀರಾ?"

ಗುರುಗಳು ಅಂಬುಜಾಳ ಕಡೆ ನೋಡಿದರು. ಅವಳು ಆಗಲೇ ಬೋಗುಣಿ ತಂದಿದ್ದಳು.

ಅವನು ಮಣಿಗಳನ್ನು ಬೋಗುಣಿಗೆ ಸುರಿದ. ಎದುರಿಗೇ ಕುಕ್ಕರಗಾಲಲ್ಲಿ ಕೂತ.

ಮೊದಲ ಸಲ ಸ್ಪಿರಿಟ್ ಚಹಾದ ಬಣ್ಣಕ್ಕೆ ತಿರುಗಿತು. ಅವಳು ಅದನ್ನು ಕ್ಯಾನಿಗೆ ಬಗ್ಗಿಸಿ ಹೊಸದು ಹಾಕಿದಳು. ಎರಡನೆಯ ಸಲವೂ ಹಾಗೇ. ಅವಳ ಮಣಿಗಳಿಗೆ ಮೂರು ಸಲ ಸಾಕಾಗುತ್ತಿತ್ತು. ಇವಕ್ಕೆ ಐದಾಯಿತು, ಆರಾಯಿತು.

ಚನ್ನವೀರ ಬೋಗುಣಿಯನ್ನು ನೋಡುತ್ತಿರಲಿಲ್ಲ. ಅವಳ ಕೈಗಳನ್ನು ನೋಡುತ್ತಿದ್ದ.

"ಗುರುಗಳೇ," ಎಂದ, "ಇವಳು ಸರಿಯಾಗಿ ತೊಳೀತಿದ್ದಾಳಾ?"

ಗುರುಗಳು ಬಗ್ಗಿ ಬೋಗುಣಿಯೊಳಗೆ ನೋಡಿದರು.

"ಇನ್ನೂ ಬಿಡ್ತಾ ಇದೆ. ಇನ್ನೊಂದು ಸಲ ತೊಳಿ, ಅಂಬುಜಾ."