ಹಂಪಣ್ಣನ ಬಂಡೆ

ಮಲಪ್ರಭೆಯ ದಡದಲ್ಲಿ ಸಿದ್ಧವೀರಯ್ಯನೆಂಬ ಗುರುವಿನ ಆಶ್ರಮವಿತ್ತು. ಮರುಳಪ್ಪ, ಹಂಪಣ್ಣ ಇಬ್ಬರೂ ಅಲ್ಲಿಗೆ ಒಟ್ಟಿಗೇ ಬಂದ ಶಿಷ್ಯರು, ಒಂದೇ ಪಾಠ ಕಲಿತವರು.

ಪಾಠ ಮುಗಿದ ಮೇಲೆ ಹಂಪಣ್ಣ ಹೊಳೆದಂಡೆಗೆ ಹೋಗಿ ಒಂದು ಬಂಡೆಯ ಮೇಲೆ ಸುಮ್ಮನೆ ಕೂರುತ್ತಿದ್ದ. ಮರುಳಪ್ಪ ಬಂದವರಿಗೆಲ್ಲ ಪ್ರವಚನ ಹೇಳುತ್ತಿದ್ದ. ಚೆನ್ನಾಗಿಯೇ ಹೇಳುತ್ತಿದ್ದ.

ಒಂದು ದಿನ ಗಂಗವ್ವ ಎಂಬ ಹೆಂಗಸು ಆಶ್ರಮಕ್ಕೆ ಬಂದಳು. ಅವಳ ಪುಟ್ಟ ಮಗಳು ಜ್ವರ ಬಂದು ತೀರಿಹೋಗಿದ್ದಳು. ಗಂಗವ್ವ ಅನ್ನ ಮುಟ್ಟಲಿಲ್ಲ, ನೀರೂ ಮುಟ್ಟಲಿಲ್ಲ.

ಮರುಳಪ್ಪ ಅವಳೆದುರು ಕೂತು, ಆತ್ಮಕ್ಕೆ ಸಾವಿಲ್ಲವೆಂದು ಬಗೆಬಗೆಯಾಗಿ ಹೇಳಿದ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಆಮೇಲೆ ಹಂಪಣ್ಣ ಬಂದು ಕೂತ. ಏನೂ ಹೇಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವಳೇ ಬಾಯಿಬಿಟ್ಟಳು.

"ನನ್ನ ಮಗಳಿಗೆ ಜಡೆ ಹಾಕಿಸ್ಕೊಳ್ಳೂದಂದ್ರ ಆಗತಿರಲಿಲ್ರಿ. ಹಣಿಗಿ ನೋಡಿದ್ರ ಓಡತಿದ್ಲು."

ಹೇಳುತ್ತ ಹೇಳುತ್ತ ಅತ್ತಳು. ಆಮೇಲೆ ನೀರು ಕೇಳಿ ಕುಡಿದಳು.

ಬಾಗಿಲಲ್ಲಿ ನಿಂತಿದ್ದ ಮರುಳಪ್ಪನ ಎದೆ ಉರಿಯಿತು. ಇವನಿಗೆ ಗೊತ್ತಿರುವುದೆಲ್ಲ ನನಗೂ ಗೊತ್ತು, ಮತ್ತೆ ಇವನೆದುರೇ ಯಾಕೆ ಅತ್ತಳು? ಅವತ್ತು ಹಂಪಣ್ಣ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿದ.

ಬೆಳಿಗ್ಗೆ ಊರಿಗೆ ಹೊರಟ ಗಂಗವ್ವ ಕೇಳಿದಳು, "ನಿನ್ನೆ ನನ್ನ ಹಂತೇಲಿ ಕುಂತಿದ್ದ ಸ್ವಾಮಿಗಳು ಎಲ್ಲ್ಯದಾರ್ರಿ? ಕಾಲಿಗೆ ಬೀಳಬೇಕಿತ್ತು."

"ಗೊತ್ತಿಲ್ಲ" ಎಂದ ಮರುಳಪ್ಪ. ಹಂಪಣ್ಣ ಹಿತ್ತಲಲ್ಲೇ ಇದ್ದ.

ಆ ಬಂಡೆಯಲ್ಲೇ ಏನೋ ಇದೆ ಅನ್ನಿಸಿತು ಮರುಳಪ್ಪನಿಗೆ. ಪಾಠ ಮುಗಿದದ್ದೇ ತಡ, ಓಡಿಹೋಗಿ ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿದ.

ಹಂಪಣ್ಣ ಬಂದ, ನೋಡಿದ, ಸ್ವಲ್ಪ ದೂರ ಹೋಗಿ ಮರಳಿನ ಮೇಲೆ ಕೂತ.

ಸಂಜೆ ಮರುಳಪ್ಪ ಗುರುವಿನ ಹತ್ತಿರ ಹೋದ. ಅವರು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು.

"ಗುರುಗಳೇ, ನಾನೂ ಅವನ ಹಾಗೆಯೇ ಕೂತೆ. ಬೆನ್ನು ಸಹ ಬಗ್ಗಿಸಲಿಲ್ಲ. ಏನೂ ಸಿಗಲಿಲ್ಲ."

"ಕೂತಾಗ ಏನು ಕೇಳಿಸಿತು?"

"ಹಂಪಣ್ಣ ಬಂದ ಹೆಜ್ಜೆ ಸಪ್ಪಳ."

"ಹೊಳೆಯದ್ದು?"

ಮರುಳಪ್ಪ ಯೋಚಿಸಿದ. "ಇಲ್ಲ."

"ಕಣ್ಣು ತೆರೆದೆಯಾ?"

"ಒಮ್ಮೆ. ಅವನಿಗೆ ಸಿಟ್ಟು ಬಂತೋ ಇಲ್ಲವೋ ನೋಡೋಣ ಅಂತ."

"ಬಂದಿತ್ತೇ?"

"ಇಲ್ಲ ಗುರುಗಳೇ. ಅದನ್ನು ನೋಡಿ ಹೊಟ್ಟೆ ಇನ್ನಷ್ಟು ಉರಿಯಿತು. ಆಮೇಲೆ ಏಳುವ ತನಕ ತಲೆತುಂಬ ಅವನೇ."

ಗುರು ಅವನಿಗೂ ಒಂದು ಹಿಡಿ ಸೊಪ್ಪು ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡರು.

"ಹಾಗಾದರೆ ಮರಳಿನ ಮೇಲೆ ಕೂತವನೂ ಹಂಪಣ್ಣ, ಬಂಡೆಯ ಮೇಲೆ ಕೂತವನೂ ಹಂಪಣ್ಣ. ನಾಳೆ ನೀನೂ ಒಂದಿಷ್ಟು ಹೊತ್ತು ಕೂತು ನೋಡು, ಮರುಳಪ್ಪ."