ಬೋಗುಣಿಯ ನಡುವಿನ ಮೀನು

ಪಶ್ಚಿಮ ಆಫ್ರಿಕಾದ ಒಂದು ನದಿಯ ದಂಡೆಯಲ್ಲಿ ಸಾಲಿಫು ಎಂಬ ಗುರು ಇದ್ದರು. ಪವಾಡ ಮಾಡುತ್ತಿರಲಿಲ್ಲವಾದ್ದರಿಂದ ಶಿಷ್ಯರು ಇಬ್ಬರೇ, ಡೆಂಬಾ ಮತ್ತು ಯೆರೊ.

ಊಟಕ್ಕೆ ಮೂವರಿಗೂ ಒಂದೇ ಬೋಗುಣಿ. ಸುತ್ತ ಕೂತು ತಮ್ಮ ಮುಂದಿನ ಅನ್ನವನ್ನಷ್ಟೇ ತಿನ್ನಬೇಕು. ನಡುವೆ ಇರುವ ಮೀನನ್ನು ಹಿರಿಯರು ಮುರಿದು ಒಬ್ಬೊಬ್ಬರ ಮುಂದೆ ಇಡಬೇಕು. ಅಲ್ಲಿನ ರೂಢಿ ಅದು.

ಒಂದು ದಿನ ಡೆಂಬಾ ತಾನೇ ನಡುವಿಗೆ ಕೈ ಹಾಕಿದ.

ಗುರು ಬೈಯಲಿಲ್ಲ. ತಮ್ಮ ಪಾಲನ್ನೂ ಅವನ ಮುಂದೆ ಸರಿಸಿದರು.

"ಇವನಿಗೆ ಹೊಟ್ಟೆಯಲ್ಲ ಗುರುಗಳೇ, ಬಾವಿ" ಎಂದು ಯೆರೊ ನಕ್ಕು, ತನ್ನ ಪಾಲಿನಲ್ಲಿ ಅರ್ಧವನ್ನು ಗುರುಗಳಿಗೆ ಇಟ್ಟ.

ಆಮೇಲೆ ಇಬ್ಬರೂ ಸೈನ್ಯ ಸೇರಿದರು.

ಕೆಲವು ವರ್ಷ ಕಳೆದು, ಒಂದು ಬೆಳಿಗ್ಗೆ ಡೆಂಬಾ ರೇಡಿಯೋದಲ್ಲಿ ಮಾತಾಡಿದ. ದೇಶವನ್ನು ಕಾಪಾಡಲಾಗಿದೆ ಎಂದ. ಯಾರಿಂದ ಎಂದು ಹೇಳಲಿಲ್ಲ.

ಅಧಿಕಾರದ ಮೂರನೇ ವರ್ಷ ಅವನು ಗುರುಗಳಿಗೆ ಕಾರು ಕಳಿಸಿದ. ಅರಮನೆಯಲ್ಲಿ ಉದ್ದನೆಯ ಮೇಜು, ಒಬ್ಬೊಬ್ಬರಿಗೂ ಬೇರೆ ಬೇರೆ ತಟ್ಟೆ.

"ಯೆರೊ ಎಲ್ಲಿ?" ಎಂದರು ಗುರು.

"ಪಿತೂರಿ ಮಾಡಿದ. ಗುಂಡಿಕ್ಕಿಸಬೇಕಾಯಿತು."

ಗುರು ಎದ್ದರು.

"ಊಟ ಮಾಡಿ ಹೋಗಿ, ಗುರುಗಳೇ."

"ಮನೆಗೆ ಹೋಗಬೇಕು. ಇಬ್ಬರಿಗೆ ಪಾಲು ಹಾಕುವುದಿದೆ."

ಮುದುಕರಿಗೆ ಅರಳುಮರಳು ಎಂದುಕೊಂಡ ಡೆಂಬಾ.

ಒಂಬತ್ತನೇ ವರ್ಷ ಇನ್ನೊಬ್ಬ ಅಧಿಕಾರಿ ರೇಡಿಯೋದಲ್ಲಿ ಅದೇ ಮಾತು ಓದಿದ. ಹಾಳೆಯನ್ನಾದರೂ ಬದಲಿಸಬಾರದಿತ್ತೇ ಎಂದು ಜನ ನಕ್ಕರು.

ಎಂಟು ವರ್ಷ ಜೈಲಿನಲ್ಲಿ ಕಳೆದು ಡೆಂಬಾ ಅದೇ ದಂಡೆಗೆ ಬಂದ. ದೋಣಿಯವನು ಗುರುತು ಹಿಡಿದ. ಇಳಿಯಲು ಕೈ ಕೊಡಲಿಲ್ಲ.

ಗುರುಗಳ ಕಣ್ಣು ಹೋಗಿತ್ತು. ಬೋಗುಣಿಯ ಮುಂದೆ ಒಬ್ಬರೇ ಕೂತಿದ್ದರು.

"ಯಾರು?"

"ಡೆಂಬಾ."

"ಹೆಜ್ಜೆ ಹಗುರ ಇದೆಯಲ್ಲ. ತುಂಬ ದಪ್ಪಗಾಗಿದ್ದೀಯ ಅಂದಿದ್ದರು."

"ಅದು ಹಳೆಯ ಸುದ್ದಿ, ಗುರುಗಳೇ."

"ಕೈ ತೊಳೆದುಕೊ. ಅನ್ನ ಆರುತ್ತಿದೆ."

ಡೆಂಬಾ ಹೊಸಿಲು ದಾಟಲಿಲ್ಲ.

"ಯೆರೊ ಪಿತೂರಿ ಮಾಡಿರಲಿಲ್ಲ. ನನಗೆ ಆಗಲೇ ಗೊತ್ತಿತ್ತು. ಇದನ್ನು ಹೇಳಲು ಬಂದೆ. ಹೋಗು ಅನ್ನಿ, ಹೋಗುತ್ತೇನೆ."

ಗುರು ಎದ್ದರು. ತಡಕಾಡಿ ಚೊಂಬು ಹುಡುಕಿ, ಹೊಸಿಲಿಗೆ ಬಂದು ಅವನ ಕೈಗೆ ತಾವೇ ನೀರು ಹಾಕಿದರು.

ಅವನು ತನ್ನ ಹಳೆಯ ಜಾಗದಲ್ಲಿ ಕೂತ. ಗುರು ಮೀನನ್ನು ಮೂರು ಮಾಡಿದರು. ಒಂದು ತಮಗೆ, ಒಂದು ಡೆಂಬಾನ ಮುಂದೆ. ಮೂರನೆಯದನ್ನು ಅವನ ಪಕ್ಕದ ಖಾಲಿ ಚಾಪೆಯ ಕಡೆ ಇಟ್ಟರು. ಯೆರೊ ಕೂರುತ್ತಿದ್ದ ಜಾಗ.

"ದಿನಾ ಇಡುತ್ತೀರಾ?"

"ದಿನಾ."

ಡೆಂಬಾನ ಕೈ ಅನ್ನದ ತನಕ ಹೋಗಿ ನಿಂತಿತು.

"ನಾನು ಹೇಗೆ ತಿನ್ನಲಿ, ಗುರುಗಳೇ?"

"ತಿನ್ನು, ಮಗು. ಇಷ್ಟು ವರ್ಷ ಎರಡು ಪಾಲು ಉಳಿಯುತ್ತಿತ್ತು. ಇವತ್ತು ಒಂದಾದರೂ ಮುಗಿಯಲಿ."