ತಂತಿಯಿಲ್ಲದ ಪಟ

ಮತ್ತೆ ನಡುವೆ ಬಾಯಿ ಹಾಕಿದಿರಾ? ಸರಿಯಾಗಿ ಕತೆಯಲ್ಲಿ ಕರಡಿ ಬರುವ ಹೊತ್ತಿಗೇ ಒಬ್ಬನಿಗೆ ನೀರಡಿಕೆ, ಇನ್ನೊಬ್ಬಳಿಗೆ ಅಕ್ಕ ಚಿವುಟಿದಳೆಂಬ ದೂರು. ಈಗ ಮೊದಲಿನಿಂದ ಹೇಳಬೇಕಾಯಿತು. ಬಾಯಿ ಮುಚ್ಚಿ ಕೂತುಕೊಳ್ಳಿ.

ಬಹಳ ಹಿಂದೆ, ಬಂಡೆಗುಡ್ಡದ ಬುಡದ ಒಂದು ಊರಲ್ಲಿ, ಕೆರೆಯ ದಂಡೆಗೆ ಒಂದು ಪುಟ್ಟ ಮೃಗಾಲಯವಿತ್ತಂತೆ. ನಾಲ್ಕು ಜಿಂಕೆ, ಒಂದು ಮುಳ್ಳುಹಂದಿ, ಎರಡು ನವಿಲು, ಒಂದು ಮುದಿ ಹೆಣ್ಣು ಕರಡಿ. ಅಷ್ಟೇ. ಕರಡಿಯ ಹೆಸರು ಜಾಂಬಿ. ಕುಣಿಸುವವರ ಕೈಯಿಂದ ಬಿಡಿಸಿ ತಂದದ್ದು. ಮೂಗಿಗೆ ಹಗ್ಗ ಹಾಕಿದ್ದ ತೂತು ಹಾಗೇ ಉಳಿದಿತ್ತು. ಅದಕ್ಕೆ ಉಣ್ಣಲು ಹಾಕುವವಳು ದುರುಗವ್ವ. ಸಜ್ಜೆಗಂಜಿಗೆ ಬೆಲ್ಲ ಕಲಸಿ ಇಟ್ಟರೆ ಜಾಂಬಿ ಉಂಡು, ಅಂಗೈ ಚೀಪುತ್ತ, ತೊಟ್ಟಿಲು ತೂಗುವವರ ಹಾಗೆ ಹುಂ ಹುಂ ಎಂದು ಗುನುಗುತ್ತಿತ್ತಂತೆ. ಬೇರೆಯವರು ಇಟ್ಟರೆ ಮೂಸಿಯೂ ನೋಡುತ್ತಿರಲಿಲ್ಲವಂತೆ.

ಆ ಮೃಗಾಲಯದಲ್ಲೇ ಪ್ರಾಣಿಗಳ ಪಟ ತೆಗೆಯುವ ಫೋಟೋ ಮೌಲಪ್ಪ ಇರುತ್ತಿದ್ದ. ಕ್ಯಾಮೆರಾದ ಕಣ್ಣನ್ನು ಬೇಲಿಗೆ ಒತ್ತಿ ಹಿಡಿದು, ಪ್ರಾಣಿ ತಾನಾಗಿ ತಿರುಗಿ ನೋಡುವ ತನಕ ಕಾಯುತ್ತಿದ್ದ. ಹಾಗೆ ಒತ್ತಿದರೆ ಪಟದಲ್ಲಿ ಬೇಲಿಯ ತಂತಿ ಕರಗಿಹೋಗುತ್ತದೆ. ಆದರೆ ಮೌಲಪ್ಪ ಪ್ರತಿ ಪಟದಲ್ಲೂ ಬೇಕೆಂದೇ ಒಂದು ತಂತಿ ಉಳಿಸುತ್ತಿದ್ದನಂತೆ. ಯಾಕೆಂದರೆ ಹಿಂದೊಮ್ಮೆ, ಆಗ ಇದ್ದ ಮೂರನೆಯ ನವಿಲಿನ ಪಟದಲ್ಲಿ ಒಂದೂ ತಂತಿ ಉಳಿದಿರಲಿಲ್ಲ. ಮರುದಿನ ನೋಡಿದರೆ ಹಾಕಿದ ಬೀಗ ಹಾಕಿದಂತೆಯೇ ಇತ್ತು, ನವಿಲು ಇರಲಿಲ್ಲವಂತೆ.

ಹೀಗಿರುವಾಗ ಒಂದು ದಿನ ಸುದ್ದಿ ಬಂತು. ಜಾಂಬಿಯನ್ನು ದೂರದ ದೊಡ್ಡ ಮೃಗಾಲಯಕ್ಕೆ ಸಾಗಿಸುತ್ತಾರೆ, ನಾಳೆಯೇ ಲಾರಿ ಬರುತ್ತದೆ ಎಂದು. ಅಲ್ಲಿ ಇದು ಯಾರ ಕೈಯಲ್ಲಿ ಉಣ್ಣಬೇಕು? ಉಪವಾಸ ಬಿದ್ದು ಸಾಯುತ್ತದೆ ಎಂದುಕೊಂಡ ದುರುಗವ್ವ ಸಂಜೆ ಸೀದಾ ಮೌಲಪ್ಪನ ಮುಂದೆ ಹೋಗಿ ನಿಂತಳು.

“ನಮ್ಮ ಜಾಂಬೀದು ಒಂದು ಪಟ ತೆಗಿ. ಒಂದು ತಂತೀನೂ ಇರಬಾರದು.”

“ಬ್ಯಾಡವ್ವ. ತಂತಿ ಕರಗೂದಿಲ್ಲ. ಇಲ್ಲಿ ತಗದ್ರ ಇನ್ನೊಂದು ಕಡೆ ಹೋಗಿ ಬೀಳ್ತದ.”

“ಬಿದ್ರ ನನ್ನ ಮ್ಯಾಲ ಬೀಳಲಿ ತಗೋ. ಇಷ್ಟುದ್ದ ಮೀಸಿ ಬಿಟ್ಟು ತಂತೀಗೆ ಹೆದರ್ತಿಯಲ್ಲೋ!”

ಮೌಲಪ್ಪ ಬೇಲಿಗೆ ಕ್ಯಾಮೆರಾ ಒತ್ತಿ ಕಾದ, ಕಾದೇ ಕಾದ. ಹೊತ್ತು ಇಳಿಯುವಾಗ ಜಾಂಬಿ ತಿರುಗಿತು. ಮನುಷ್ಯರ ಹಾಗೆ ಎರಡು ಕಾಲ ಮೇಲೆ ಎದ್ದು ನಿಂತು ನೋಡಿತಂತೆ. ಅದು ನೋಡಿದ್ದು ಕ್ಯಾಮೆರಾವನ್ನಲ್ಲ, ಹಿಂದೆ ನಿಂತಿದ್ದ ದುರುಗವ್ವನನ್ನು. ಅವನು ಗುಂಡಿ ಒತ್ತಿದ. ರೀಲಿನಲ್ಲಿ ಇನ್ನೊಂದು ಪಟಕ್ಕೆ ಜಾಗವಿತ್ತು. ಅದರಲ್ಲಿ ಬೇಲಿಯಿಂದ ದೂರ, ಬಯಲಲ್ಲಿ ದುರುಗವ್ವನನ್ನು ನಿಲ್ಲಿಸಿ ತೆಗೆದ.

ಬೆಳಗ್ಗೆ ಲಾರಿ ಬಂತು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಗಂಜಿಯ ತಟ್ಟೆ ನೆಕ್ಕಿ ಬೆಳಗಿದಂತಿತ್ತು. ಜಾಂಬಿ ಇರಲಿಲ್ಲ. ಗುಡ್ಡದ ಬಂಡೆಗಳ ಸಂದಿಯಿಂದ ಹುಂ ಹುಂ ಎಂಬ ದನಿ ಕೇಳಿಸಿತಂತೆ.

ಮೌಲಪ್ಪ ರೀಲು ತೊಳೆದು ಪಟ ಅಚ್ಚುಹಾಕಿದ. ಜಾಂಬಿಯ ಪಟದಲ್ಲಿ ಒಂದೂ ತಂತಿಯಿಲ್ಲ. ಅದರ ಮೂಗಿನಲ್ಲಿ ತೂತೂ ಇಲ್ಲ. ಬಯಲಲ್ಲಿ ನಿಂತ ದುರುಗವ್ವನ ಪಟದಲ್ಲಿ ಮಾತ್ರ ನೆತ್ತಿಯಿಂದ ಪಾದದ ತನಕ ತಂತಿ, ಬಲೆ ಹೊದಿಸಿದ ಹಾಗೆ. ಮೌಲಪ್ಪ ಎರಡೂ ಪಟಗಳನ್ನು ಅವಳ ಕೈಗಿಟ್ಟು, ಕ್ಯಾಮೆರಾವನ್ನು ಖಾಲಿ ಬೋನಿಗೆ ನೇತುಹಾಕಿ, ಊರನ್ನೇ ಬಿಟ್ಟು ಹೋದನಂತೆ. ದುರುಗವ್ವ ಮಾತ್ರ ಮತ್ತೆಂದೂ ಮೃಗಾಲಯದ ಗೇಟು ದಾಟಿ ಹೊರಗೆ ಹೋಗಲಿಲ್ಲ. ಗೇಟಿನ ತನಕ ಬರುವಳು, ಎದುರಿಗೆ ಏನೋ ತಗುಲಿದಂತೆ ಕೈಯಾಡಿಸುವಳು, ಹಿಂತಿರುಗುವಳು. ಗಂಜಿ ಕಾಯಿಸುವ ಕೋಣೆಯಲ್ಲೇ ಮುದುಕಿಯಾದಳಂತೆ.

ಈಗಲೂ ಅಲ್ಲಿ ಹೋದವರು ಮೊಬೈಲಿನಲ್ಲಿ ಪಟ ತೆಗೆಯುವಾಗ ಒಂದು ತಂತಿಯಾದರೂ ಕಾಣುವಂತೆ ಹಿಡಿಯುತ್ತಾರೆ. ಅದಕ್ಕೆ ಮೌಲಪ್ಪನ ತಂತಿ ಎನ್ನುತ್ತಾರೆ. ಖಾಲಿ ಬೋನಿನ ಹೊಸ್ತಿಲ ಮೇಲೆ ಒಂದು ಚೂರು ಬೆಲ್ಲ ಇಟ್ಟು, ಹಿಂದೆ ನೋಡದೆ ಬರುತ್ತಾರೆ.

ದುರುಗವ್ವ ಬದುಕಿದ್ದಾಗ, ಶಾಲೆಯವರೊಡನೆ ಬಂದ ಒಬ್ಬ ಹುಡುಗಿ ಎರಡೂ ಪಟಗಳನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳಂತೆ: “ಅಜ್ಜಿ, ಕರಡಿ ಹೋಗಿ ಎಷ್ಟೋ ವರ್ಷ ಆತಲ್ಲ. ಒಂದೂ ತಂತಿ ಇಲ್ಲದ ನಿನ್ನ ಪಟ ಯಾರು ತೆಗೀಬೇಕೀಗ?”